ಮಳೆ ನಿಂತರೂ ಆಟ ಏಕೆ ಶುರುವಾಗಲಿಲ್ಲ?



ಮಳೆಗಾಲದಲ್ಲಿ ನಿಮ್ಮ ಶಾಲೆಯ ಮೈದಾನವನ್ನು ಗಮನಿಸಿದ್ದೀರಾ? ಮಳೆ ಸುರಿಯುವಾಗ ಆಟ ನಿಲ್ಲುತ್ತದೆ. ಅದು ಸರಿ. ಆದರೆ ಮಳೆ ನಿಂತು ಗಂಟೆ ಕಳೆದರೂ ಮೇಷ್ಟ್ರು "ಈಗಲೇ ಬೇಡ, ಕೆಸರಿದೆ, ಬಿದ್ದೀರಿ" ಎನ್ನುತ್ತಾರೆ. ಕೆಲವು ಊರಿನ ಮೈದಾನಗಳಲ್ಲಿ ಅರ್ಧ ಗಂಟೆಯಲ್ಲೇ ಮತ್ತೆ ಕಬಡ್ಡಿ ಆಡಬಹುದು. ಇನ್ನು ಕೆಲವು ಕಡೆ ಎರಡು ದಿನವಾದರೂ ಕಾಲಿಟ್ಟರೆ ಜಾರುತ್ತದೆ. ಬಿದ್ದ ಮಳೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವರು ನಮ್ಮ ಸೋದರಮಾವ. ಅವರು ಕೋಲಾರ ಜಿಲ್ಲೆಯ ರಾಗಿ ಬೆಳೆಗಾರರು. ಅವರ ಜೊತೆ ನಾನೊಂದು ಕ್ರಿಕೆಟ್ ಪಂದ್ಯಕ್ಕೆ ಹೋಗಿದ್ದೆ. ಅಂದು ಬೆಳಗಿನಿಂದ ಕೂತರೂ ನಾವು ಒಂದೇ ಒಂದು ಚೆಂಡಿನ ಆಟವನ್ನೂ ನೋಡಲಿಲ್ಲ. ಆದರೂ ಆ ದಿನವನ್ನು ನಾನು ಮರೆತಿಲ್ಲ. ಅದರ ಕತೆಯನ್ನೇ ಈಗ ಹೇಳುತ್ತೇನೆ, ಕೇಳಿ.

ಮಕ್ಕಳ ದಿನದಂದು ಶುರುವಾದ ಪಂದ್ಯ

ಅದು 2015ನೇ ಇಸವಿ. ಭಾರತ ಮತ್ತು ದಕ್ಷಿಣ ಆಫ್ರಿಕಾ ತಂಡಗಳ ನಡುವೆ ಟೆಸ್ಟ್ ಪಂದ್ಯ. ಸ್ಥಳ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಪಂದ್ಯ ಶುರುವಾದದ್ದು ನವೆಂಬರ್ 14ರ ಶನಿವಾರ. ಹೌದು, ನಿಮ್ಮದೇ ದಿನ, ಮಕ್ಕಳ ದಿನಾಚರಣೆ!

ಟೆಸ್ಟ್ ಪಂದ್ಯ ಐದು ದಿನಗಳ ಆಟ ಎಂಬುದು ನಿಮಗೆ ಗೊತ್ತು. ಮೊದಲ ದಿನ ನಾನೊಬ್ಬನೇ ಹೋಗಿದ್ದೆ. ಭಾರತದ ನಾಯಕ ವಿರಾಟ್ ಕೊಹ್ಲಿ ಟಾಸ್ ಗೆದ್ದು ಎದುರಾಳಿಗಳಿಗೆ ಬ್ಯಾಟ್ ಮಾಡಲು ಹೇಳಿದರು. ದಕ್ಷಿಣ ಆಫ್ರಿಕಾ 214 ರನ್ನಿಗೆ ಔಟಾಯಿತು. ರವೀಂದ್ರ ಜಡೇಜ ಮತ್ತು ಅಶ್ವಿನ್ ತಲಾ ನಾಲ್ಕು ವಿಕೆಟ್ ಕಿತ್ತರು. ಎ. ಬಿ. ಡಿವಿಲಿಯರ್ಸ್ ಅವರಿಗೆ ಅದು ನೂರನೆಯ ಟೆಸ್ಟ್. ಅವರು 85 ರನ್ ಹೊಡೆದರು. ಅವರು ಬ್ಯಾಟ್ ಹಿಡಿದು ಬರುವಾಗ ನಮ್ಮ ಜನರೇ "ಎಬಿಡಿ, ಎಬಿಡಿ" ಎಂದು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವರು ಐಪಿಎಲ್‌ನಲ್ಲಿ ಬೆಂಗಳೂರು ತಂಡಕ್ಕೆ ಆಡುತ್ತಿದ್ದವರು. ಹಾಗಾಗಿ ಎದುರಾಳಿಯಾದರೂ ಅವರು ಊರಿನವರೇ! ಸಂಜೆಗೆ ಭಾರತ ವಿಕೆಟ್ ಕಳೆದುಕೊಳ್ಳದೆ 80 ರನ್ ಮಾಡಿತ್ತು. ಮುರಳಿ ವಿಜಯ್ ಮತ್ತು ಶಿಖರ್ ಧವನ್ ಆಡುತ್ತಿದ್ದರು.

ಆ ರಾತ್ರಿ ನಾನು ಮಾವನಿಗೆ ಫೋನು ಮಾಡಿದೆ. "ನಾಳೆ ಭಾನುವಾರದ ಎರಡು ಟಿಕೆಟ್ ಇದೆ. ಬೆಳಗಿನ ಬಸ್ಸಿಗೇ ಬಂದುಬಿಡಿ" ಎಂದೆ.

ಮಾವ ಹುಡುಗರಾಗಿದ್ದಾಗಿನಿಂದ ಕ್ರಿಕೆಟ್ ಪ್ರೇಮಿ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಅವರ ಆಟವನ್ನೆಲ್ಲ ರೇಡಿಯೋದಲ್ಲಿ ಕೇಳಿಯೇ ಕಣ್ಣಿಗೆ ಕಟ್ಟಿಕೊಂಡವರು. ಹೊಲದಲ್ಲಿ ಕಳೆ ಕೀಳುವಾಗಲೂ ಬದುವಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಳ್ಳುತ್ತಿದ್ದರಂತೆ. ಆದರೆ ಮೈದಾನದಲ್ಲಿ ಕೂತು ಒಂದು ಟೆಸ್ಟ್ ಪಂದ್ಯವನ್ನೂ ನೋಡಿರಲಿಲ್ಲ. ಒಂದಲ್ಲ ಒಂದು ಕೆಲಸ ಅಡ್ಡ ಬರುತ್ತಿತ್ತು. ಅಂದೂ ಅವರಿಗೆ ಒಂದು ಚಿಂತೆ ಇತ್ತು. ದೀಪಾವಳಿ ಮುಗಿದ ಮೇಲೆ ರಾಗಿ ಕೊಯ್ದಿದ್ದರು. ಕೊಯ್ದ ಪೈರು ಇನ್ನೂ ಹೊಲದಲ್ಲೇ ಅರಿ ಬಿದ್ದಿತ್ತು. ಒಣಗಿದ ಮೇಲೆ ಸಿವುಡು ಕಟ್ಟಿ ಮೆದೆ ಹಾಕಬೇಕು. "ಒಂದು ದಿನ ತಾನೇ, ಬರುತ್ತೇನೆ" ಎಂದರು.

ಚೆಂಡಿಲ್ಲದ ಭಾನುವಾರ

ಮಾವ ಬಂದು ಇಳಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ. ಗುಡುಗಿಲ್ಲ, ಮಿಂಚಿಲ್ಲ, ಗಾಳಿಯ ಅಬ್ಬರವೂ ಇಲ್ಲ. ಆದರೆ ನಿಲ್ಲುವ ಲಕ್ಷಣವೂ ಇಲ್ಲ. ನಾವು ಒಳಗೆ ಹೋಗಿ ಕೂತೆವು. ಪಿಚ್ಚಿನ ಮೇಲೆ ಹೊದಿಕೆ ಹಾಸಿದ್ದರು. ಸುತ್ತಲಿನ ಹಸಿರು ಹುಲ್ಲು ಮಳೆಯಲ್ಲಿ ನೆನೆಯುತ್ತಿತ್ತು.

ನಡುವೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಜನ ಸಿಳ್ಳೆ ಹಾಕಿದರು. ನೀರು ಹೀರುವ ಯಂತ್ರ ಮೈದಾನಕ್ಕೆ ಬಂತು. ಅದಕ್ಕೆ ದೊಡ್ಡ ಉರುಳೆ ಇರುತ್ತದೆ. ಉರುಳೆಯ ಮೇಲೆ ದಪ್ಪ ಸ್ಪಂಜು. ಅದು ಉರುಳುತ್ತಾ ಹುಲ್ಲಿನ ಮೇಲಿನ ನೀರನ್ನು ಹೀರುತ್ತದೆ. ಇನ್ನೊಂದು ಉರುಳೆ ಸ್ಪಂಜನ್ನು ಹಿಂಡಿ ನೀರನ್ನು ತೊಟ್ಟಿಗೆ ತುಂಬುತ್ತದೆ. ನೀವು ಕಪ್ಪು ಹಲಗೆಯನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಆಮೇಲೆ ಹಿಂಡುತ್ತೀರಲ್ಲ, ಅದೇ ಕೆಲಸ.

ಆಮೇಲೆ ಅಂಪೈರ್‌ಗಳು ಕೊಡೆ ಹಿಡಿದು ಬಂದರು. ಬೌಲರ್‌ಗಳು ಓಡಿ ಬರುವ ಜಾಗದಲ್ಲಿ ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡಿದರು. ತಲೆಯಾಡಿಸಿ ಹಿಂದಿರುಗಿದರು.

ಮಾವ ಕೇಳಿದರು: "ಪಿಚ್ಚಿಗೆ ಹೊದಿಕೆ ಇದೆ. ಅದು ಒಣಗಿಯೇ ಇರಬೇಕು. ಮಳೆಯೂ ನಿಂತಿದೆ. ಮತ್ತೇಕೆ ಆಡುವುದಿಲ್ಲ?"

ಒಳ್ಳೆಯ ಪ್ರಶ್ನೆ ಅಲ್ಲವೇ? ಇದಕ್ಕೆ ಉತ್ತರ ಸಣ್ಣ ಲೆಕ್ಕದಲ್ಲಿದೆ. ಪಿಚ್ಚಿನ ಉದ್ದ ಸುಮಾರು 20 ಮೀಟರ್, ಅಗಲ ಸುಮಾರು 3 ಮೀಟರ್. ಅಂದರೆ 60 ಚದರ ಮೀಟರ್. ಇಡೀ ಮೈದಾನಕ್ಕೆ ಹೋಲಿಸಿದರೆ ಇದು ಇನ್ನೂರರಲ್ಲಿ ಒಂದು ಪಾಲೂ ಇಲ್ಲ! ಆಟ ನಡೆಯುವುದು ಇಡೀ ಮೈದಾನದಲ್ಲಿ. ಹುಲ್ಲು ಒದ್ದೆಯಾಗಿದ್ದರೆ ಓಡಿ ಬರುವ ಬೌಲರ್ ಜಾರುತ್ತಾನೆ. ಚೆಂಡು ಹಿಡಿಯಲು ಧಾವಿಸುವ ಆಟಗಾರನ ಮಂಡಿ ತಿರುಚಬಹುದು. ಚೆಂಡು ನೀರು ಕುಡಿದು ಭಾರವಾಗುತ್ತದೆ. ಅದಕ್ಕೇ ಅಂಪೈರ್‌ಗಳು ಪಿಚ್ಚನ್ನಷ್ಟೇ ಅಲ್ಲದೆ ಸುತ್ತಲಿನ ನೆಲವನ್ನೂ ನೋಡುತ್ತಾರೆ. ಕೊಲ್ಕತ್ತದ ಈಡನ್ ಗಾರ್ಡನ್ಸ್, ಶ್ರೀಲಂಕಾದ ಕೊಲಂಬೊ ಮುಂತಾದ ಕಡೆ ಇಡೀ ಮೈದಾನಕ್ಕೇ ಹೊದಿಕೆ ಹಾಸುವುದುಂಟು.

ಮಾವ ಕೇಳಿಸಿಕೊಂಡು ಸುಮ್ಮನೆ ಕೂತರು. ಅವರ ಕಣ್ಣು ಒಮ್ಮೆ ಆಕಾಶದ ಕಡೆ, ಒಮ್ಮೆ ಹುಲ್ಲಿನ ಕಡೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು.

"ಇಷ್ಟು ದೊಡ್ಡ ಬಯಲು. ಇದರ ಬಸಿಗಾಲುವೆ ಎಲ್ಲಿ?"

ಬಸಿಗಾಲುವೆ ಎಂದರೆ ಹೊಲದಲ್ಲಿ ಹೆಚ್ಚಾದ ನೀರು ಬಸಿದು ಹೋಗಲು ತೋಡುವ ಸಣ್ಣ ಕಾಲುವೆ. ನಾನು ಹತ್ತಾರು ಪಂದ್ಯ ನೋಡಿದವನು. ಈ ಪ್ರಶ್ನೆಯನ್ನು ಯಾರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಅಂದು ಆಟ ಶುರುವಾಗಲೇ ಇಲ್ಲ. ಮಾವ ಸಂಜೆಯ ಬಸ್ಸಿಗೇ ಹೊರಟರು. ಆ ಮಳೆ ಅವರ ಊರಿನಲ್ಲೂ ಸುರಿಯುತ್ತಿದೆ ಎಂದು ಫೋನು ಬಂದಿತ್ತು. ಸೋಮವಾರ, ಮಂಗಳವಾರ, ಬುಧವಾರ ಕೂಡ ಬೆಂಗಳೂರಿನಲ್ಲಿ ಮಳೆ ಮತ್ತು ಒದ್ದೆ ಮೈದಾನದಿಂದ ಆಟ ನಡೆಯಲಿಲ್ಲ. ಐದು ದಿನದ ಪಂದ್ಯದಲ್ಲಿ ಆಟ ನಡೆದದ್ದು ಮೊದಲ ದಿನ ಮಾತ್ರ! ಪಂದ್ಯ ಡ್ರಾ ಆಯಿತು.

ನವೆಂಬರ್‌ನಲ್ಲಿ ಮಳೆ ಎಲ್ಲಿಂದ ಬಂತು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಕಡೆಯಿಂದ ಬರುವುದು ನೈರುತ್ಯ ಮಾನ್ಸೂನ್. ಇದನ್ನು ನಾವು ಮುಂಗಾರು ಎನ್ನುತ್ತೇವೆ. ಸೆಪ್ಟೆಂಬರ್ ಕಳೆದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ. ಸಮುದ್ರ ನಿಧಾನವಾಗಿ ತಣ್ಣಗಾಗುತ್ತದೆ. ಆಗ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ಬಂಗಾಳ ಕೊಲ್ಲಿಯನ್ನು ದಾಟಿ ಬರುವಾಗ ಅದು ನೀರಾವಿಯನ್ನು ಹೊತ್ತು ತರುತ್ತದೆ. ಇದು ಈಶಾನ್ಯ ಮಾನ್ಸೂನ್, ನಮ್ಮ ಹಿಂಗಾರು. ತಮಿಳುನಾಡಿಗೆ ಇದೇ ಮುಖ್ಯ ಮಳೆ. ಕೋಲಾರ, ಬೆಂಗಳೂರು ಮುಂತಾದ ದಕ್ಷಿಣ ಒಳನಾಡಿಗೂ ಇದರ ಪಾಲು ಸಿಗುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಒಂದೇ ಸಮನೆ ಹಲವು ದಿನ ಮೋಡ ಕವಿದು ಸೋನೆ ಮಳೆ ಹಿಡಿಯುತ್ತದೆ.

2015ರ ಹಿಂಗಾರು ಅಸಾಧಾರಣವಾಗಿತ್ತು. ಅದೇ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಚೆನ್ನೈ ನಗರ ದೊಡ್ಡ ನೆರೆಗೆ ಸಿಲುಕಿತು. ಅಲ್ಲಿ ಬಹಳ ಮಳೆ ಬಿದ್ದದ್ದು ನಿಜ. ಅದರ ಜೊತೆಗೆ, ಹಿಂದೆ ನೀರು ನಿಲ್ಲುತ್ತಿದ್ದ ಕೆರೆ ಮತ್ತು ಜೌಗು ಜಾಗಗಳಲ್ಲಿ ಕಟ್ಟಡಗಳು ಎದ್ದಿದ್ದವು. ನೀರಿಗೆ ಹೋಗುವ ದಾರಿ ಕಡಿಮೆಯಾಗಿತ್ತು. ನಮ್ಮ ಊರುಗಳಲ್ಲಿ ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಗಳು ಮುಚ್ಚಿಹೋದರೂ ಹೀಗೆಯೇ ಆಗುತ್ತದೆ.

ಒಂದು ಲೆಕ್ಕ ಮಾಡೋಣ

ಏಳನೆಯ ತರಗತಿಯವರು ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ಈಗ ಮೈದಾನವನ್ನು 65 ಮೀಟರ್ ತ್ರಿಜ್ಯದ ವೃತ್ತ ಎಂದುಕೊಳ್ಳೋಣ. ವೃತ್ತದ ವಿಸ್ತೀರ್ಣ ಎಷ್ಟು? 3.14 × 65 × 65. ಅಂದರೆ ಸುಮಾರು 13,266 ಚದರ ಮೀಟರ್. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,32,660 ಲೀಟರ್ ನೀರು. 6,000 ಲೀಟರಿನ ಟ್ಯಾಂಕರ್ ಲಾರಿಗಳಲ್ಲಿ ತುಂಬಿದರೆ 22 ಲಾರಿ! ಹತ್ತು ಮಿಲಿಮೀಟರ್ ಎಂದರೆ ನಿಮ್ಮ ಕಿರುಬೆರಳಿನ ದಪ್ಪದಷ್ಟು ಮಳೆ, ಅಷ್ಟೇ.

ಈ 22 ಲಾರಿ ನೀರು ಎಲ್ಲಿಗಾದರೂ ಹೋಗಬೇಕು. ಅದಕ್ಕೆ ಇರುವುದು ಮೂರೇ ದಾರಿ. ಮೇಲಕ್ಕೆ ಆವಿಯಾಗಿ ಹೋಗಬೇಕು. ಪಕ್ಕಕ್ಕೆ ಹರಿದು ಹೋಗಬೇಕು. ಇಲ್ಲವೇ ಕೆಳಕ್ಕೆ ಇಳಿದು ಹೋಗಬೇಕು.

ಮೂರು ದಾರಿಗಳ ಕತೆ

ಮೊದಲನೆಯದು ಆವಿಯ ದಾರಿ. ಬೇಸಿಗೆಯಲ್ಲಿ ಒಗೆದ ಅಂಗಿ ಒಂದು ಗಂಟೆಯಲ್ಲಿ ಒಣಗುತ್ತದೆ. ಸೋನೆ ಮಳೆಯ ದಿನ ಒಳಗೆ ಹರವಿದರೂ ಎರಡು ದಿನ ಹಸಿ ಇರುತ್ತದೆ. ಏಕೆ? ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುತ್ತದೆ. ಅಂದರೆ ಆರ್ದ್ರತೆ ಹೆಚ್ಚು. ತುಂಬಿದ ಬಸ್ಸಿಗೆ ಇನ್ನಷ್ಟು ಜನ ಹತ್ತುವುದು ಕಷ್ಟ ಅಲ್ಲವೇ? ಹಾಗೆಯೇ. ಜೊತೆಗೆ ಆವಿಯಾಗಲು ಬಹಳ ಶಾಖ ಬೇಕು. ಒಂದು ಪಾತ್ರೆ ನೀರನ್ನು ಒಲೆಯ ಮೇಲಿಟ್ಟು ಕುದಿ ಬರಿಸಲು ಬೇಕಾಗುವ ಶಾಖದ ಸುಮಾರು ಏಳು ಪಟ್ಟು ಶಾಖ, ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕು. ಮೋಡ ಮುಚ್ಚಿದ ನವೆಂಬರ್ ದಿನ ಈ ಶಾಖ ಕೊಡುವವರು ಯಾರು? ಸೂರ್ಯನೇ ಕಾಣಿಸುವುದಿಲ್ಲ. ಆದ್ದರಿಂದ ಮೇಲಿನ ದಾರಿ ಬಹುಪಾಲು ಬಂದ್.

ಎರಡನೆಯದು ಹರಿಯುವ ದಾರಿ. ಕ್ರಿಕೆಟ್ ಮೈದಾನವನ್ನು ನಡುವೆ ತುಸು ಎತ್ತರ, ಅಂಚಿಗೆ ತುಸು ತಗ್ಗು ಇರುವಂತೆ ಮಾಡುತ್ತಾರೆ. ಆದರೆ ಇಳಿಜಾರು ತೀರಾ ಕಡಿಮೆ. ಹೆಚ್ಚು ಮಾಡಿದರೆ ಚೆಂಡು ತಾನಾಗಿಯೇ ಬೌಂಡರಿಗೆ ಓಡೀತು! ಮೇಲಾಗಿ ಹುಲ್ಲಿನ ಒಂದೊಂದು ಎಸಳೂ ನೀರನ್ನು ತಡೆಯುತ್ತದೆ. ಆದ್ದರಿಂದ ಈ ದಾರಿಯೂ ನಿಧಾನ.

ಮೂರನೆಯದು ನೆಲದೊಳಕ್ಕೆ ಇಳಿಯುವ ದಾರಿ. ಇಲ್ಲಿ ಮಣ್ಣಿನ ಗುಣ ಮುಖ್ಯ. ಮರಳಿನ ಕಣಗಳು ದೊಡ್ಡವು. ಅವುಗಳ ನಡುವಿನ ಸಂದುಗಳೂ ದೊಡ್ಡವು. ನೀರು ಸರಸರನೆ ಇಳಿಯುತ್ತದೆ. ಜೇಡಿಯ ಕಣಗಳು ಬಹಳ ಸಣ್ಣವು. ಸಂದುಗಳೂ ಸಣ್ಣವು. ನೀರು ತಡೆದು ತಡೆದು ಇಳಿಯುತ್ತದೆ. ಅದಕ್ಕೇ ಮಡಕೆ ಮಾಡಲು ಜೇಡಿ ಬೇಕು, ನೀರು ಸೋಸಲು ಮರಳು ಬೇಕು. ಪಿಚ್ಚಿಗೆ ಜೇಡಿ ಹೆಚ್ಚಿರುವ ಮಣ್ಣು ಹಾಕಿ ರೋಲರ್ ಉರುಳಿಸಿ ಗಟ್ಟಿ ಮಾಡುತ್ತಾರೆ. ಸುತ್ತಲಿನ ಮೈದಾನಕ್ಕೆ ಮರಳು ಮಣ್ಣೇ ಒಳ್ಳೆಯದು.

ದೊಡ್ಡ ಮೈದಾನಗಳ ನೆಲದಡಿಯಲ್ಲಿ ಸಾಮಾನ್ಯವಾಗಿ ರಂಧ್ರಗಳಿರುವ ಕೊಳವೆಗಳನ್ನು ಹೂತಿರುತ್ತಾರೆ. ಮಾವ ಕೇಳಿದ ಬಸಿಗಾಲುವೆ ಇದೇ. ನೆಲದೊಳಗೆ ಇರುವುದರಿಂದ ನೋಡುವವರಿಗೆ ಕಾಣುವುದಿಲ್ಲ. ಮಣ್ಣಿನಿಂದ ಇಳಿದ ನೀರು ಈ ಕೊಳವೆಗಳಲ್ಲಿ ಸೇರಿ ಹೊರಗೆ ಹೋಗುತ್ತದೆ. ನೀರನ್ನು ಎಳೆಯುವುದು ಗುರುತ್ವ ಬಲ.

ಗುರುತ್ವ ಇದ್ದರೂ ಸಾಲದು ಏಕೆ? ಇದನ್ನು ತಿಳಿಯಲು ಒಂದು ಟವೆಲ್ ಒದ್ದೆ ಮಾಡಿ ನೇತು ಹಾಕಿ ನೋಡಿ. ಮೊದಮೊದಲು ನೀರು ಧಾರೆಯಾಗಿ ಸೋರುತ್ತದೆ. ಆಮೇಲೆ ತೊಟ್ಟಿಕ್ಕುತ್ತದೆ. ಆಮೇಲೆ ನಿಲ್ಲುತ್ತದೆ. ಆದರೆ ಕೆಳಗಿನ ಅಂಚನ್ನು ಹಿಂಡಿದರೆ ಇನ್ನೂ ನೀರು ಬರುತ್ತದೆ! ಎಳೆಗಳ ಸಣ್ಣ ಸಂದುಗಳು ನೀರನ್ನು ಗುರುತ್ವಕ್ಕೆ ಬಿಟ್ಟುಕೊಡದೆ ಹಿಡಿದುಕೊಂಡಿರುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದೂ ಇದೇ ಕಾರಣಕ್ಕೆ. ಇದಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ಮಣ್ಣಿನಲ್ಲೂ ಹೀಗೆಯೇ ಆಗುತ್ತದೆ. ಕೊನೆಯ ಪಾಲು ನೀರನ್ನು ಮಣ್ಣು ಬಿಡುವುದಿಲ್ಲ. ಯಾರಾದರೂ ಹಿಂಡಬೇಕು, ಇಲ್ಲವೇ ಎಳೆಯಬೇಕು.

ಮಾವನ ಹೊಲದಲ್ಲಿ ಏನಾಯಿತು?

ಭಾನುವಾರ ರಾತ್ರಿ ಊರು ಮುಟ್ಟಿದ ಮಾವ ಬ್ಯಾಟರಿ ಹಿಡಿದು ನೇರವಾಗಿ ಹೊಲಕ್ಕೆ ಹೋದರಂತೆ. ಹೊಲ ಎರಡು ತಾಕು. ಮೇಲಿನ ತಾಕಿಗೆ ಅವರು ಮುಂಗಾರಿನಲ್ಲೇ ಬಸಿಗಾಲುವೆ ತೋಡಿದ್ದರು. ಕೆಳಗಿನ ತಾಕಿನದು ಹೂಳು ತುಂಬಿ ಮುಚ್ಚಿಹೋಗಿತ್ತು. ಮೇಲಿನ ತಾಕಿನಲ್ಲಿ ರಾಗಿ ನೆನೆದಿತ್ತು, ಆದರೆ ಅರಿಯ ಕೆಳಗೆ ನೀರು ನಿಂತಿರಲಿಲ್ಲ. ಕೆಳಗಿನ ತಾಕಿನಲ್ಲಿ ತೆನೆಗಳು ನೀರಿನಲ್ಲೇ ಮಲಗಿದ್ದವು.

ಆ ರಾತ್ರಿಯೇ ಗುದ್ದಲಿ ಹಿಡಿದು, ಮನೆಯವರೆಲ್ಲ ಸೇರಿ ಬದುವನ್ನು ಎರಡು ಕಡೆ ಕಡಿದು ನೀರನ್ನು ಹೊರಗೆ ಬಿಟ್ಟರು. ಆದರೆ ಮಳೆ ಬಿಡಲಿಲ್ಲ. ವಾರದ ಕೊನೆಗೆ ಬಿಸಿಲು ಬಂದಾಗ ಮೇಲಿನ ತಾಕಿನ ರಾಗಿಯನ್ನು ತಿರುವಿ ಹಾಕಿ ಒಣಗಿಸಿ ಮೆದೆ ಹಾಕಿದರು. ಕೆಳಗಿನ ತಾಕಿನಲ್ಲಿ ಬಹಳಷ್ಟು ತೆನೆಗಳಲ್ಲಿ ಕಾಳು ಅಲ್ಲಿಯೇ ಮೊಳಕೆ ಒಡೆದಿತ್ತು. ಕಾಳಿಗೆ ಬೇಕಾದದ್ದು ನೀರು, ಗಾಳಿ, ಹದವಾದ ಬಿಸಿ. ಮೂರೂ ಸಿಕ್ಕರೆ ಅದು ತೆನೆಯಲ್ಲಿದ್ದರೂ ಮೊಳೆಯುತ್ತದೆ. ಮೊಳೆತ ರಾಗಿ ಹಿಟ್ಟಿಗೆ ಬರಲಿಲ್ಲ. ದನಗಳಿಗೆ ಹಾಕಿದರು. ಆ ವರ್ಷ ಮನೆಯ ಮುದ್ದೆಗೆ ಆರು ತಿಂಗಳಿನಷ್ಟೇ ರಾಗಿ ಉಳಿಯಿತು. ಉಳಿದದ್ದನ್ನು ಕೊಳ್ಳಬೇಕಾಯಿತು.

ಒಂದೇ ಮಳೆ, ಒಂದೇ ಬೆಳೆ, ಒಬ್ಬರೇ ಬೆಳೆಗಾರರು. ವ್ಯತ್ಯಾಸ ಮಾಡಿದ್ದು ಒಂದು ಮೊಳ ಆಳದ ಕಾಲುವೆ. ಮರುವರ್ಷ ಮುಂಗಾರಿಗೆ ಮೊದಲೇ ಮಾವ ಕೆಳಗಿನ ತಾಕಿನ ಹೂಳನ್ನು ಎತ್ತಿಸಿದರು.

ಮೈದಾನದ ಕೆಳಗೊಂದು ಯಂತ್ರ

ಇತ್ತ ಬೆಂಗಳೂರಿನಲ್ಲೂ ನೆಲ ಅಗೆಯುವ ಕೆಲಸ ನಡೆಯಿತು. ಚಿನ್ನಸ್ವಾಮಿ ಕ್ರೀಡಾಂಗಣದ ಹಳೆಯ ಮಣ್ಣನ್ನು ತೆಗೆದು ಮರಳಿನ ಪದರ ಹಾಕಿದರು. ಅದರಡಿ ಕೊಳವೆಗಳ ಜಾಲ ಹಾಸಿ, ಅದಕ್ಕೆ ಗಾಳಿಯನ್ನು ಎಳೆಯುವ ಯಂತ್ರ ಜೋಡಿಸಿದರು. 2017ರ ಆರಂಭದಲ್ಲಿ ಈ ವ್ಯವಸ್ಥೆ ಕೆಲಸ ಶುರು ಮಾಡಿತು. ಇದರ ಹೆಸರು ಸಬ್ಏರ್. ಇದು ಮೊದಲು ಅಮೆರಿಕದಲ್ಲಿ ಗಾಲ್ಫ್ ಮೈದಾನಗಳಿಗಾಗಿ ರೂಪುಗೊಂಡದ್ದು. ಕ್ರಿಕೆಟ್ ಮೈದಾನವೊಂದಕ್ಕೆ ಇದನ್ನು ಅಳವಡಿಸಿದ್ದು ಬೆಂಗಳೂರಿನಲ್ಲೇ ಮೊದಲು.

ಇದು ಹೇಗೆ ಕೆಲಸ ಮಾಡುತ್ತದೆ? ನೀವು ಎಳನೀರನ್ನು ಕೊಳವೆಯಿಂದ ಕುಡಿಯುವಾಗ ಏನು ಮಾಡುತ್ತೀರಿ? ಬಾಯಿಂದ ಕೊಳವೆಯ ಗಾಳಿಯನ್ನು ಎಳೆಯುತ್ತೀರಿ. ಕೊಳವೆಯೊಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ವಾತಾವರಣದ ಒತ್ತಡ ಎಳನೀರನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಇಲ್ಲೂ ಅಷ್ಟೇ. ಯಂತ್ರವು ನೆಲದಡಿಯ ಕೊಳವೆಗಳಿಂದ ಗಾಳಿಯನ್ನು ಎಳೆಯುತ್ತದೆ. ಕೆಳಗೆ ಒತ್ತಡ ಇಳಿಯುತ್ತದೆ. ಮೇಲಿನ ಗಾಳಿ ಮರಳಿನ ಸಂದುಗಳಲ್ಲಿ ಸಿಕ್ಕಿಕೊಂಡ ನೀರನ್ನು ಕೆಳಕ್ಕೆ ದೂಡುತ್ತದೆ. ಗುರುತ್ವಕ್ಕೆ ಗಾಳಿಯೂ ಕೈ ಜೋಡಿಸುತ್ತದೆ! ಬೇಕಾದಾಗ ಅದೇ ಕೊಳವೆಗಳಿಂದ ಹುಲ್ಲಿನ ಬೇರುಗಳಿಗೆ ಗಾಳಿ ಊದಲೂಬಹುದು.

ಈ ವ್ಯವಸ್ಥೆ ನಿಮಿಷಕ್ಕೆ ಸುಮಾರು 10,000 ಲೀಟರ್ ನೀರನ್ನು ಹೊರಹಾಕಬಲ್ಲದು ಎಂದು ಅದನ್ನು ಅಳವಡಿಸಿದಾಗ ಹೇಳಲಾಗಿತ್ತು. ನಮ್ಮ 22 ಲಾರಿ ನೀರಿಗೆ ಎಷ್ಟು ನಿಮಿಷ ಬೇಕು? ಭಾಗಿಸಿ ನೋಡಿ. ಹದಿಮೂರು ನಿಮಿಷ ಚಿಲ್ಲರೆ. ಇದು ಕಾಗದದ ಲೆಕ್ಕ. ನಿಜದಲ್ಲಿ ನೀರು ಹುಲ್ಲಿನಿಂದ ಮರಳಿಗೆ, ಮರಳಿನಿಂದ ಕೊಳವೆಗೆ ಇಳಿಯಲು ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಯಂತ್ರ ಇದ್ದರೂ ಮಳೆಯನ್ನು ನಿಲ್ಲಿಸಲು ಆಗುವುದಿಲ್ಲ ಎಂಬುದನ್ನೂ ನೆನಪಿಡಿ. 2022ರ ಜೂನ್ 19ರಂದು ಇದೇ ಮೈದಾನದಲ್ಲಿ, ಇದೇ ಎರಡು ತಂಡಗಳ ನಡುವೆ ಟಿ20 ಪಂದ್ಯ ನಡೆಯಿತು. ಕೇವಲ 3.3 ಓವರ್ ಮುಗಿದಾಗ ಬಂದ ಮಳೆ ಬಿಡಲೇ ಇಲ್ಲ. ಪಂದ್ಯ ಅಲ್ಲಿಗೇ ಮುಗಿಯಿತು. ಬಸಿಗಾಲುವೆ ಬಿದ್ದ ನೀರನ್ನು ಕಳಿಸುತ್ತದೆ. ಬೀಳುವ ನೀರನ್ನು ತಡೆಯುವುದು ಅದರ ಕೈಯಲ್ಲಿಲ್ಲ.

ಮಾವ ಕೊನೆಗೂ ಟೆಸ್ಟ್ ನೋಡಿದರು

2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ತಂಡ ಬೆಂಗಳೂರಿಗೆ ಬಂತು. ಟೆಸ್ಟ್ ಶುರುವಾಗಬೇಕಿದ್ದದ್ದು ಅಕ್ಟೋಬರ್ 16ಕ್ಕೆ. ಆ ದಿನ ಪೂರ್ತಿ ಮಳೆ. ಟಾಸ್ ಕೂಡ ಆಗಲಿಲ್ಲ. ನಮ್ಮ ಟಿಕೆಟ್ ಇದ್ದದ್ದು ಮತ್ತೆ ಎರಡನೆಯ ದಿನಕ್ಕೆ! ಮಾವನಿಗೆ ಆಗ ಅರವತ್ತಾರು ವರ್ಷ. "ಈ ಸಲವೂ ಹೊದಿಕೆ ನೋಡಿಕೊಂಡು ಬರೋಣ" ಎಂದು ನಗುತ್ತಲೇ ಹೊರಟರು.

17ರ ಬೆಳಿಗ್ಗೆ ನಾವು ಒಳಗೆ ಹೋದಾಗ ಹುಲ್ಲಿನ ಮೇಲೆ ಆಟಗಾರರು ಓಡಾಡುತ್ತಿದ್ದರು. ಹಿಂದಿನ ದಿನವೆಲ್ಲ ಸುರಿದ ಮಳೆಯ ನೀರು ನೆಲದ ಮೇಲೆ ಕಾಣಲಿಲ್ಲ. ಭಾರತ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿಕೊಂಡಿತು. ನಡುವೆ ಸ್ವಲ್ಪ ಹೊತ್ತು ಮಳೆ ಬಂದು ಆಟ ನಿಂತಿತು. ನಿಂತ ಮಳೆಯ ಹಿಂದೆಯೇ ಆಟ ಮತ್ತೆ ಶುರುವಾಯಿತು. ಮಾವ ನನ್ನ ಕೈ ತಟ್ಟಿ, "ನೋಡು, ಬಸಿಗಾಲುವೆ ಕೆಲಸ ಮಾಡಿತು" ಎಂದರು.

ಆದರೆ ಆಟ? ಭಾರತ 46 ರನ್ನಿಗೆ ಆಲೌಟ್! ಐವರು ಸೊನ್ನೆಗೆ ಔಟಾದರು. ಭಾರತ ನಮ್ಮ ನೆಲದಲ್ಲಿ ಆಡಿದ ಟೆಸ್ಟ್‌ಗಳಲ್ಲಿ ಇದೇ ಅತಿ ಕಡಿಮೆ ಮೊತ್ತ. ನ್ಯೂಜಿಲೆಂಡಿನ ಮ್ಯಾಟ್ ಹೆನ್ರಿ 15 ರನ್ ಕೊಟ್ಟು ಐದು ವಿಕೆಟ್ ಪಡೆದರು.

ಇದರಲ್ಲೂ ಮಳೆಯ ಪಾತ್ರವಿದೆ. ದಿನಗಟ್ಟಲೆ ಹೊದಿಕೆಯಡಿ ಇದ್ದ ಪಿಚ್ಚಿಗೆ ಬಿಸಿಲು ಬೀಳುವುದಿಲ್ಲ. ಮಣ್ಣಿನಿಂದ ಏಳುವ ನೀರಾವಿ ಹೊದಿಕೆಗೆ ತಗುಲಿ ಮತ್ತೆ ಹನಿಯಾಗುತ್ತದೆ. ಬಿಸಿ ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಒಳಗೆ ಹನಿಗಳು ಕಾಣುತ್ತವಲ್ಲ, ಹಾಗೆ. ಇದು ಸಾಂದ್ರೀಕರಣ. ಹೀಗೆ ತೇವ ಉಳಿದ ಪಿಚ್ಚಿನಲ್ಲಿ ಚೆಂಡಿನ ಹೊಲಿಗೆ ನೆಲಕ್ಕೆ ಕಚ್ಚಿ ಅತ್ತಿತ್ತ ತಿರುಗುತ್ತದೆ. ಮೋಡ ಕವಿದ ದಿನ ಚೆಂಡು ಗಾಳಿಯಲ್ಲೂ ಹೆಚ್ಚು ವಾಲುತ್ತದೆ ಎಂದು ಆಟಗಾರರು ನಂಬುತ್ತಾರೆ. ಅದಕ್ಕೆ ತೇವದ ಗಾಳಿಯೇ ಕಾರಣವೇ ಎಂಬುದು ವಿಜ್ಞಾನಿಗಳ ನಡುವೆ ಇನ್ನೂ ಚರ್ಚೆಯಲ್ಲಿದೆ. ನಿಮ್ಮಲ್ಲಿ ಯಾರಾದರೂ ದೊಡ್ಡವರಾಗಿ ಇದಕ್ಕೆ ಉತ್ತರ ಹುಡುಕಬಹುದು!

ಪಿಚ್ಚಿನ ಗುಣವನ್ನು ಊಹಿಸುವುದರಲ್ಲಿ ತಪ್ಪಾಯಿತು ಎಂದು ನಾಯಕ ರೋಹಿತ್ ಶರ್ಮಾ ಅಂದು ಸಂಜೆ ಹೇಳಿದರು. ಕೊನೆಗೆ ನ್ಯೂಜಿಲೆಂಡ್ ಎಂಟು ವಿಕೆಟ್‌ಗಳಿಂದ ಗೆದ್ದಿತು. ಭಾರತದಲ್ಲಿ ಅವರಿಗೆ ಟೆಸ್ಟ್ ಗೆಲುವು ಸಿಕ್ಕಿದ್ದು 1988ರ ನಂತರ ಅದೇ ಮೊದಲು.

ನನಗೆ ಬೇಸರವಾಗಿತ್ತು. ಮಾವನಿಗೆ ಇರಲಿಲ್ಲ. "ಒಂಬತ್ತು ವರ್ಷ ಕಾದೆ. ಒಂದೇ ದಿನದಲ್ಲಿ ಹತ್ತು ವಿಕೆಟ್ ತೋರಿಸಿದರು. ಇನ್ನೇನು ಬೇಕು?" ಎಂದರು. ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ರಾಗಿ ಹೊಲಗಳನ್ನೂ ಅವುಗಳ ಅಂಚಿನ ಕಾಲುವೆಗಳನ್ನೂ ನೋಡುತ್ತಾ ಹೋದೆ ಎಂದು ಆಮೇಲೆ ಫೋನಿನಲ್ಲಿ ಹೇಳಿದರು.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿ, ಮರಳು, ಕೆರೆಯ ಜೇಡಿಮಣ್ಣು, ಹಳೆಯ ಬಟ್ಟೆಯ ಎರಡು ತುಂಡು, ಲೋಟ, ಗಡಿಯಾರ.

ಬಾಟಲಿಗಳನ್ನು ನಡುವೆ ಕತ್ತರಿಸಿ. ಕತ್ತರಿಸಲು ದೊಡ್ಡವರ ಸಹಾಯ ಪಡೆಯಿರಿ. ಮೇಲಿನ ಭಾಗವನ್ನು ಬಾಯಿ ಕೆಳಗಾಗುವಂತೆ ಕೆಳಗಿನ ಭಾಗದೊಳಗೆ ಇಡಿ. ಬಾಯಿಗೆ ಬಟ್ಟೆ ಕಟ್ಟಿ. ಒಂದಕ್ಕೆ ಮರಳು, ಇನ್ನೊಂದಕ್ಕೆ ಒಣಗಿಸಿ ಪುಡಿ ಮಾಡಿದ ಜೇಡಿಮಣ್ಣು ತುಂಬಿ ಮೆಲ್ಲಗೆ ಒತ್ತಿ. ಎರಡಕ್ಕೂ ಒಂದೊಂದು ಲೋಟ ನೀರು ಹಾಕಿ. ಹತ್ತು ನಿಮಿಷದಲ್ಲಿ ಕೆಳಗೆ ಎಷ್ಟು ನೀರು ಇಳಿಯಿತು? ಅಳೆದು ಬರೆದುಕೊಳ್ಳಿ. ಹಾಕಿದ ನೀರೆಲ್ಲ ಇಳಿಯಿತೇ? ಉಳಿದ ನೀರು ಎಲ್ಲಿದೆ? ಗುಂಪಿನಲ್ಲಿ ಚರ್ಚಿಸಿ.

ಇನ್ನೊಂದು ಕೆಲಸ. ಮುಂದಿನ ಮಳೆ ನಿಂತ ಕೂಡಲೇ ಶಾಲೆಯ ಜಗುಲಿಯಲ್ಲಿ ನಿಂತು ಮೈದಾನವನ್ನು ನೋಡಿ. ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ? ಎಲ್ಲಿಗೆ ಹರಿಯುತ್ತದೆ? ದಾರಿಯಲ್ಲಿ ಏನು ಅಡ್ಡ ಬಂದಿದೆ? ಕಸವೇ, ಕಲ್ಲೇ, ಹೂಳೇ? ಒಂದು ನಕ್ಷೆ ಬರೆದು ನೀರಿನ ದಾರಿಯನ್ನು ಬಾಣದ ಗುರುತಿನಿಂದ ತೋರಿಸಿ. ಆ ನಕ್ಷೆಯನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ, ಎಲ್ಲರೂ ಸೇರಿ ಒಂದು ಬಸಿಗಾಲುವೆ ತೋಡಿ. ಆ ನೀರನ್ನು ಶಾಲೆಯ ಕೈತೋಟಕ್ಕೋ ಇಂಗುಗುಂಡಿಗೋ ತಿರುಗಿಸಿದರೆ ಇನ್ನೂ ಒಳ್ಳೆಯದು. ಅದರ ನಂತರದ ಮಳೆಗೆ ಗಡಿಯಾರ ಹಿಡಿದು ನಿಲ್ಲಿ. ಮಳೆ ನಿಂತ ಎಷ್ಟು ನಿಮಿಷಕ್ಕೆ ಆಟ ಶುರುವಾಯಿತು ಎಂದು ಬರೆದಿಡಿ.